ಸೇತುವೆ ಕಟ್ಟಿದ್ದು ಸರಿ, ಸಾಲ ಯಾರ ಹೆಸರಲ್ಲಿದೆ? ಚೀನಾ ಬಗ್ಗೆ ಒಂದು ಚರ್ಚೆ

ತಟ್ಟೆಇಡ್ಲಿ

ಮೊನ್ನೆ ಮಗ ಫೋನ್‌ನಲ್ಲಿ ಒಂದು ವಿಡಿಯೊ ತೋರಿಸಿದ. ಚೀನಾದ ಗುಯಿಝೌ ಪ್ರಾಂತ್ಯದ ಹುವಾಜಿಯಾಂಗ್ ಸೇತುವೆ. ಕೆಳಗೆ ಹರಿಯುವ ನದಿಯಿಂದ 625 ಮೀಟರ್ ಎತ್ತರ. 2025ರ ಸೆಪ್ಟೆಂಬರ್ 28ಕ್ಕೆ ಸಂಚಾರಕ್ಕೆ ಬಿಟ್ಟಿದ್ದಾರೆ. ನಾಲ್ಕು ವರ್ಷ ತುಂಬುವ ಮೊದಲೇ ಕಟ್ಟಿ ಮುಗಿಸಿದ್ದಾರೆ. ನಮ್ಮೂರ ರೈಲ್ವೆ ಗೇಟಿನ ಮೇಲ್ಸೇತುವೆಗೆ ಗುದ್ದಲಿ ಪೂಜೆ ಆದಾಗ ಈ ಮಗ ಎರಡನೇ ಕ್ಲಾಸು. ಈಗ ಪಿಯುಸಿ. ಸೇತುವೆಯ ಎರಡು ತುದಿ ಇನ್ನೂ ಒಂದನ್ನೊಂದು ನೋಡುತ್ತಾ ನಿಂತಿವೆ.

ನಾನು ಸಣ್ಣಪುಟ್ಟ ಸಿವಿಲ್ ಕಂಟ್ರಾಕ್ಟ್ ಮಾಡುವವನು, ಹಾಗಾಗಿ ಹೊಟ್ಟೆ ಉರಿಯುತ್ತೆ. ನನ್ನ ಪ್ರಶ್ನೆ ಇಷ್ಟೇ. ಅಲ್ಲಿ ಒಂದೇ ಪಕ್ಷ, ಮೇಲೊಬ್ಬ ಹೇಳಿದರೆ ಕೆಳಗಿನವರೆಲ್ಲ ಮಾಡುತ್ತಾರೆ, ಆದ್ದರಿಂದ ಕೆಲಸ ಆಗುತ್ತದೆ ಅನ್ನುತ್ತಾರಲ್ಲ, ಗುಟ್ಟು ಇಷ್ಟೇನಾ? ವಾಟ್ಸ್ಆ್ಯಪ್ ಉತ್ತರ ಬೇಡ. ಗೊತ್ತಿದ್ದವರು ಹೇಳಿ.

ಬಂಗುಡೆ ಫ್ರೈ

ಅಲ್ಲಿ ಟೆಂಡರ್‌ಗೆ ತಡೆಯಾಜ್ಞೆ ತರುವವರಿಲ್ಲ. ಗುಟ್ಟು ಅದೇ. ಚರ್ಚೆ ಮುಗಿಯಿತು, ಎಲ್ಲರೂ ಊಟಕ್ಕೆ ಹೋಗಿ.

ಶೆನ್‌ಜೆನ್ ಪಾರ್ಸೆಲ್

ಬಂಗುಡೆ ಅವರೇ, ಊಟ ಆಮೇಲೆ.

ನಾನು ಎಲೆಕ್ಟ್ರಾನಿಕ್ ಬಿಡಿಭಾಗ ಖರೀದಿ ಕೆಲಸದಲ್ಲಿ ಎಂಟು ವರ್ಷ ಶೆನ್‌ಜೆನ್‌ನಲ್ಲಿದ್ದೆ. ಹೋಗುವಾಗ ನನಗೂ ಇದೇ ಕಲ್ಪನೆ ಇತ್ತು. ಬೀಜಿಂಗ್‌ನಲ್ಲಿ ಗುಂಡಿ ಒತ್ತಿದರೆ ಎಲ್ಲ ಕಡೆ ದೀಪ ಹತ್ತುತ್ತದೆ ಅಂತ. ಅರ್ಧ ಸುಳ್ಳು.

ಮೊದಲು ಇದನ್ನು ತಿಳಿದುಕೊಳ್ಳಿ. ಕಮ್ಯುನಿಸ್ಟ್ ಪಕ್ಷದ ಸದಸ್ಯರೇ ಈಗ 10 ಕೋಟಿ ದಾಟಿದ್ದಾರೆ. ತುದಿಯಲ್ಲಿ ಪಾಲಿಟ್‌ಬ್ಯೂರೊ ಸ್ಥಾಯಿ ಸಮಿತಿಯ 7 ಜನ. ಪ್ರತಿ ಊರಿಗೂ ಮೇಯರ್ ಇರುತ್ತಾನೆ, ಆದರೆ ಅವನು ನಂಬರ್ ಎರಡು. ನಂಬರ್ ಒಂದು ಪಕ್ಷದ ಕಾರ್ಯದರ್ಶಿ. ಅವನನ್ನು ಊರಿನವರು ಆರಿಸುವುದಿಲ್ಲ, ಮೇಲಿನವರು ನೇಮಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ಎತ್ತಿ ಇನ್ನೊಂದು ಊರಿಗೆ ಹಾಕುತ್ತಾರೆ. ಬಡ್ತಿಗೆ ಅಂಕ ಕೊಡುತ್ತಾರೆ. ಬಹಳ ಕಾಲ ಆ ಅಂಕಪಟ್ಟಿಯ ದೊಡ್ಡ ವಿಷಯ ಒಂದೇ: ನಿನ್ನ ಊರಿನ ಜಿಡಿಪಿ ಎಷ್ಟು ಏರಿತು?

ಈಗ ನೀವೇ ಆ ಕಾರ್ಯದರ್ಶಿ ಅಂದುಕೊಳ್ಳಿ. ಕೈಯಲ್ಲಿ ನಾಲ್ಕೈದು ವರ್ಷ ಇದೆ. ಪಕ್ಕದ ಊರಿನವನು ಮೆಟ್ರೊ ತಂದ. ನೀವು ಏನು ಮಾಡುತ್ತೀರಿ? ಶಾಲೆಯ ಗುಣಮಟ್ಟ ಸುಧಾರಿಸುತ್ತಾ ಕೂರುತ್ತೀರಾ? ಇಲ್ಲ. ಕಣ್ಣಿಗೆ ಕಾಣುವುದನ್ನು ಕಟ್ಟುತ್ತೀರಿ. ಸೇತುವೆ, ಹೊಸ ಬಡಾವಣೆ, ಕೈಗಾರಿಕಾ ಪಾರ್ಕ್. ಇಡೀ ದೇಶವೇ ಹೀಗೆ ಊರುಗಳ ಕುಸ್ತಿ ಅಖಾಡ.

ಇನ್ನೊಂದು ಮಾತು. ಅಲ್ಲಿನ ದೊಡ್ಡ ಬದಲಾವಣೆ ಶುರುವಾದದ್ದೇ ಕೆಳಗಿನಿಂದ. 1978ರ ಕೊನೆಯಲ್ಲಿ ಅನ್ಹುಯಿ ಪ್ರಾಂತ್ಯದ ಶಿಯಾವೊಗಾಂಗ್ ಅನ್ನುವ ಬಡ ಹಳ್ಳಿಯಲ್ಲಿ 18 ರೈತರು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಮುದಾಯದ ಹೊಲವನ್ನು ಮನೆಗಿಷ್ಟು ಅಂತ ಹಂಚಿಕೊಂಡು, ಸರ್ಕಾರದ ಪಾಲು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳೋಣ ಅಂತ. ಸಿಕ್ಕಿಬಿದ್ದರೆ ಜೈಲು. ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕು ಅಂತಲೂ ಮಾತಾಗಿತ್ತು. ಬೆಳೆ ಚೆನ್ನಾಗಿ ಬಂತು. ಪ್ರಾಂತ್ಯದ ನಾಯಕರು ಕಂಡೂ ಕಾಣದಂತೆ ಇದ್ದರು. ಆಮೇಲೆ ದೇಶದ ನಾಯಕ ಡೆಂಗ್ ಶಿಯಾವೊಪಿಂಗ್ ಕಾಲದಲ್ಲಿ ಅದೇ ದೇಶದ ಪದ್ಧತಿ ಆಯಿತು. ಅಲ್ಲಿ ಆಜ್ಞೆ ಕೊಟ್ಟವರು ಯಾರು ಹೇಳಿ?

ತಟ್ಟೆಇಡ್ಲಿ

ಕುಸ್ತಿ ಅಖಾಡ ಸರಿ ಸರ್. ಆದರೆ ಕುಸ್ತಿಗೆ ಹಾಲು ಬಾದಾಮಿ ಯಾರು ಕೊಡುತ್ತಾರೆ? ನನ್ನ ಬಿಲ್ ಪಾಸಾಗಲು ಒಂದೂವರೆ ವರ್ಷ ಬೇಕು. ಅವರಿಗೆ ದುಡ್ಡು ಎಲ್ಲಿಂದ?

ಹಳೇ ಲೆಡ್ಜರ್

ಬ್ಯಾಂಕಿನಲ್ಲಿ 34 ವರ್ಷ ಸಾಲದ ಫೈಲು ನೋಡಿದವನು ನಾನು. ಈ ಪ್ರಶ್ನೆಗೆ ಕಾಯುತ್ತಿದ್ದೆ.

1994ನೇ ಇಸವಿ ನೆನಪಿಟ್ಟುಕೊಳ್ಳಿ. ಅದರ ಹಿಂದಿನ ವರ್ಷ ಚೀನಾದಲ್ಲಿ ಒಟ್ಟು ಸರ್ಕಾರಿ ವರಮಾನದಲ್ಲಿ ಕೇಂದ್ರಕ್ಕೆ ಸಿಗುತ್ತಿದ್ದದ್ದು ಸುಮಾರು ಶೇ 22. ಪ್ರಾಂತ್ಯಗಳೇ ಸಾಹುಕಾರರು, ಬೀಜಿಂಗ್ ಕೈ ಖಾಲಿ. ಆಗ ಝು ರೊಂಗ್ಜಿ ಉಪಪ್ರಧಾನಿ, ಕಟ್ಟುನಿಟ್ಟಿನ ಆಸಾಮಿ. ತೆರಿಗೆ ಹಂಚಿಕೆಯನ್ನೇ ಬದಲಿಸಿದರು. ಒಂದೇ ವರ್ಷದಲ್ಲಿ ಕೇಂದ್ರದ ಪಾಲು ಶೇ 55 ದಾಟಿತು. ಆದರೆ ಶಾಲೆ, ಆಸ್ಪತ್ರೆ, ರಸ್ತೆ, ಪಿಂಚಣಿ ಖರ್ಚೆಲ್ಲ ಊರುಗಳ ತಲೆ ಮೇಲೆಯೇ ಉಳಿಯಿತು. ಜಿಎಸ್‌ಟಿ ಪಾಲಿನ ಬಗ್ಗೆ ನಮ್ಮ ರಾಜ್ಯದವರು ಗೊಣಗುವುದನ್ನು ಕೇಳಿದ್ದೀರಲ್ಲ, ಅದನ್ನು ಹತ್ತುಪಟ್ಟು ಮಾಡಿಕೊಳ್ಳಿ.

ಊರುಗಳ ಕೈಯಲ್ಲಿ ಉಳಿದದ್ದು ಒಂದೇ ಆಸ್ತಿ. ಜಮೀನು. ಚೀನಾದಲ್ಲಿ ನಗರದ ಜಮೀನೆಲ್ಲ ಸರ್ಕಾರದ್ದು. ಮನೆ ಕಟ್ಟುವುದಕ್ಕೆ 70 ವರ್ಷದ ಬಳಕೆ ಹಕ್ಕನ್ನು ಮಾತ್ರ ಹರಾಜು ಹಾಕುತ್ತಾರೆ. ರೈತನಿಗೆ ಚಿಕ್ಕ ಪರಿಹಾರ ಕೊಟ್ಟು ಹೊಲ ತೆಗೆದುಕೊಳ್ಳುವುದು, ಅದನ್ನು ನಗರದ ಜಮೀನು ಅಂತ ಮಾಡುವುದು, ಬಿಲ್ಡರ್‌ಗೆ ದೊಡ್ಡ ರೇಟಿಗೆ ಕೊಡುವುದು. ನಡುವಿನ ವ್ಯತ್ಯಾಸ ಊರಿನ ಬೊಕ್ಕಸಕ್ಕೆ.

ಅದೂ ಸಾಲದಾಗ? ಊರಿನ ಸರ್ಕಾರ ನೇರವಾಗಿ ಸಾಲ ಮಾಡಲು ಆಗ ಕಾನೂನು ಬಿಡುತ್ತಿರಲಿಲ್ಲ. ಅದಕ್ಕೆ ಒಂದು ಕಂಪನಿ ಹುಟ್ಟುಹಾಕಿ, ಜಮೀನು ಅದರ ಹೆಸರಿಗೆ ಮಾಡಿ, ಅದನ್ನೇ ಅಡವಿಟ್ಟು ಬ್ಯಾಂಕಿನಿಂದ ತರುವುದು. ಸಾಲ ಕಂಪನಿಯದ್ದು, ಊರಿನ ಲೆಕ್ಕದಲ್ಲಿ ಇಲ್ಲ! ಮನೆಯ ಸಾಲವನ್ನು ಭಾವಮೈದುನನ ಹೆಸರಲ್ಲಿ ಮಾಡಿ ನನಗೇನೂ ಸಾಲ ಇಲ್ಲ ಅಂದ ಹಾಗೆ. 2008ರ ಕೊನೆಯಲ್ಲಿ ಜಗತ್ತಿನ ಮಾರುಕಟ್ಟೆ ಕುಸಿದಾಗ ಬೀಜಿಂಗ್ 4 ಲಕ್ಷ ಕೋಟಿ ಯುವಾನ್ ಖರ್ಚಿನ ಯೋಜನೆ ಘೋಷಿಸಿತು. ಅದರಲ್ಲಿ ಕೇಂದ್ರ ಕೈಯಿಂದ ಹಾಕಿದ್ದು ಸಣ್ಣ ಭಾಗ. ಉಳಿದದ್ದು ಇಂಥ ಭಾವಮೈದುನರ ಮೂಲಕ ಎತ್ತಿದ ಸಾಲ.

ನಿಮ್ಮ ಗುಯಿಝೌ ದೇಶದ ಬಡ ಪ್ರಾಂತ್ಯಗಳಲ್ಲಿ ಒಂದು. ಬೆಟ್ಟ ಕಣಿವೆಯ ನಾಡು. ಸಾಲದ ಭಾರ ಅತಿ ಹೆಚ್ಚಿರುವ ಪ್ರಾಂತ್ಯಗಳಲ್ಲೂ ಅದು ಒಂದು. ಸೇತುವೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಫೈಲು ನನ್ನ ಟೇಬಲ್‌ಗೆ ಬಂದಿದ್ದರೆ ಟೋಲ್‌ನಲ್ಲಿ ಕಂತು ಹುಟ್ಟುತ್ತಾ ಅಂತ ಕೇಳಿ ವಾಪಸ್ ಕಳಿಸುತ್ತಿದ್ದೆ.

ಬಂಗುಡೆ ಫ್ರೈ

ಅದಕ್ಕೇ ಸರ್ ನಮ್ಮಲ್ಲಿ ಸೇತುವೆ ಆಗಲ್ಲ. 😄

ಸಂಡೂರಿನವನು

ಈ ಚರ್ಚೆಯಲ್ಲಿ ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಲೆಡ್ಜರ್ ಸರ್ ಬರೆದ ಆ 4 ಲಕ್ಷ ಕೋಟಿ ಓದಿ ತಲೆ ಗಿರ್ ಅಂತು. ಯಾಕೆ ಅಂತ ಹೇಳುತ್ತೇನೆ.

2003ರ ಸುಮಾರಿನಿಂದ ನಮ್ಮ ಕಡೆ ಬೆಳಗ್ಗೆ ಎದ್ದರೆ ತುಳಸಿ ಎಲೆ ಕೆಂಪು. ಅಮ್ಮ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ. ಇನ್ನೊಂದು ವರ್ಷ ಹೋದರೆ ನೀವು ಸ್ವಾಮೀಜಿ ಆಗುತ್ತೀರಿ ಅಂತ ಅಪ್ಪನನ್ನು ಎಲ್ಲರೂ ಕಾಡಿಸುತ್ತಿದ್ದರು. ಅದಿರಿನ ಲಾರಿಗಳ ಧೂಳು ಅದು. ಅದಿರಲ್ಲಿ ಲಂಪ್ಸ್ ಅಂದರೆ ಗಟ್ಟಿ, ಫೈನ್ಸ್ ಅಂದರೆ ಪುಡಿ. ಮೊದಲು ಪುಡಿಯನ್ನು ಕಸ ಅಂತ ಗುಡ್ಡದ ಬದಿಗೆ ಸುರಿಯುತ್ತಿದ್ದರು. ಚೀನಾದವರು ಅದನ್ನೂ ಕೊಳ್ಳುತ್ತಾರೆ ಅಂತಾದ ಮೇಲೆ ಆ ಕಸದ ರಾಶಿಗಳನ್ನೇ ಅಗೆದು ಮಾರಿದರು. ಶೇಂಗಾ ಹಾಕುತ್ತಿದ್ದ ಪಟ್ಟಾ ಜಮೀನನ್ನು ಕೆರೆದು ಮಾರಿದವರೂ ಇದ್ದರು. ಲಾರಿಗಳು ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ, ಅಲ್ಲಿಂದ ಹಡಗು.

ಬೀಜಿಂಗ್ ಒಲಿಂಪಿಕ್ಸ್ ಇದ್ದ 2008ರಲ್ಲಿ ರೇಟು ಆಕಾಶಕ್ಕೆ ಹೋಗಿತ್ತು. ಅದೇ ವರ್ಷದ ಕೊನೆಗೆ ಧೊಪ್ ಅಂತ ಬಿತ್ತು. ಊರಲ್ಲಿ ಲಾರಿಗಳು ನಿಂತವು. ಹೋಟೆಲ್ ಮುಚ್ಚಿದವು. ಮತ್ತೆ 2009ರಲ್ಲಿ ಏನು ಮಾಯವೋ, ರೇಟು ಏರತೊಡಗಿತು. ನನ್ನ ಸೋದರಮಾವ ಇನ್ನೇನು ಬೀಳಲ್ಲ ಅಂತ ಧೈರ್ಯ ಮಾಡಿ ಸಾಲದಲ್ಲಿ ಎರಡು ಟಿಪ್ಪರ್ ತೆಗೆದುಕೊಂಡರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮಾವನ ಟಿಪ್ಪರ್‌ಗಳನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು.

2009ರಲ್ಲಿ ರೇಟು ಏರಿಸಿದ್ದು ಯಾರು ಅಂತ ಮಾವ ಸಾಯುವವರೆಗೂ ಕೇಳುತ್ತಿದ್ದರು. ರೆಡ್ಡಿಗಳು ಅಂತ ಕೆಲವರು, ಮಿನರಲ್ ಟ್ರೇಡರ್‌ಗಳು ಅಂತ ಕೆಲವರು. ಅಲ್ಲಿ ಯಾವುದೋ ಊರಿನ ಕಾರ್ಯದರ್ಶಿ ಬಡ್ತಿಗೆ ಅಂತ ಬಡಾವಣೆ ಕಟ್ಟಿಸುತ್ತಿದ್ದ, ಅದರ ಕಬ್ಬಿಣಕ್ಕೆ ನಮ್ಮ ಗುಡ್ಡ ಹೋಗುತ್ತಿತ್ತು ಅಂತ ನಮಗೆ ಯಾರೂ ಹೇಳಲಿಲ್ಲ.

ಮಲೆನಾಡ ಮಳೆ

ಸಂಡೂರಿನವರೇ, ನಿಮ್ಮ ಬರಹ ಎರಡು ಸಲ ಓದಿದೆ. ನಾನು ರಾಜ್ಯಶಾಸ್ತ್ರ ಪಾಠ ಮಾಡುವವಳು. ನಾಳೆ ಕ್ಲಾಸಲ್ಲಿ ಹೇಳುತ್ತೇನೆ, ಬೇಡ ಅನ್ನಬೇಡಿ.

ಬಂಗುಡೆ ಅವರ ತಡೆಯಾಜ್ಞೆ ಜೋಕಿಗೆ ಬರುತ್ತೇನೆ. ತಡೆಯುವವರಿಲ್ಲದಿದ್ದರೆ ಕೆಲಸ ಬೇಗ ಆಗುತ್ತದೆ, ನಿಜ. ತಪ್ಪೂ ಅಷ್ಟೇ ಬೇಗ ಆಗುತ್ತದೆ. ಆಮೇಲೆ ತಪ್ಪು ಅಂತ ಹೇಳುವವರೂ ಇರುವುದಿಲ್ಲ. 2019ರ ಡಿಸೆಂಬರ್ ಕೊನೆಯಲ್ಲಿ ವುಹಾನ್‌ನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ತನ್ನ ಸಹಪಾಠಿಗಳ ಗುಂಪಿಗೆ ಹೊಸ ಕಾಯಿಲೆಯ ಎಚ್ಚರಿಕೆ ಕಳಿಸಿದರು. ಕೆಲವೇ ದಿನದಲ್ಲಿ ಪೊಲೀಸರು ಕರೆಸಿ, ಸುಳ್ಳು ಹಬ್ಬಿಸಿದೆ ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಫೆಬ್ರುವರಿಯಲ್ಲಿ ಅದೇ ಕಾಯಿಲೆಯಿಂದ ಅವರು ತೀರಿಹೋದರು.

ಅಂಕಪಟ್ಟಿ ವಿಷಯಕ್ಕೂ ಇದು ಸೇರುತ್ತದೆ. ಜಿಡಿಪಿ ಮೇಲೆ ಬಡ್ತಿ ಅಂದರೆ ಜಿಡಿಪಿ ಬರೆದುಕೊಡುವವನೂ ಅದೇ ಕಾರ್ಯದರ್ಶಿ. ಲಿ ಕೆಚಿಯಾಂಗ್ ಪ್ರಧಾನಿ ಆಗುವ ಮೊದಲು ಲಿಯಾವೊನಿಂಗ್ ಪ್ರಾಂತ್ಯದ ಪಕ್ಷ ಕಾರ್ಯದರ್ಶಿ. 2007ರಲ್ಲಿ ಅಮೆರಿಕದ ರಾಯಭಾರಿ ಜೊತೆ ಊಟಕ್ಕೆ ಕೂತಾಗ, ಜಿಡಿಪಿ ಅಂಕಿ ಮನುಷ್ಯ ಮಾಡಿದ್ದು, ನಾನು ನೋಡುವುದು ಮೂರೇ, ಕರೆಂಟ್ ಬಳಕೆ, ರೈಲಿನಲ್ಲಿ ಹೋದ ಸರಕು, ಬ್ಯಾಂಕ್ ಕೊಟ್ಟ ಸಾಲ ಅಂದಿದ್ದರು. ಆ ಮಾತು ಆಮೇಲೆ ಸೋರಿಕೆಯಾದ ದಾಖಲೆಗಳಲ್ಲಿ ಹೊರಬಂತು. 2020ರಲ್ಲಿ ಪ್ರಧಾನಿಯಾಗಿ ಅವರೇ ಪತ್ರಿಕಾಗೋಷ್ಠಿಯಲ್ಲಿ, 60 ಕೋಟಿ ಜನರ ತಿಂಗಳ ಆದಾಯ ಸುಮಾರು ಸಾವಿರ ಯುವಾನ್ ಅಷ್ಟೇ ಅಂದುಬಿಟ್ಟರು. ದೇಶದಲ್ಲಿ ಕಡು ಬಡತನ ಮುಗಿಯಿತು ಅಂತ ಘೋಷಿಸಲು ತಯಾರಿ ನಡೆಯುತ್ತಿದ್ದ ವರ್ಷ ಅದು! ಯುವಕರ ನಿರುದ್ಯೋಗ 2023ರ ಜೂನ್‌ನಲ್ಲಿ ಶೇ 21.3ಕ್ಕೆ ಹೋದಾಗ ಏನು ಮಾಡಿದರು ಗೊತ್ತಾ? ಅಂಕಿ ಪ್ರಕಟಿಸುವುದನ್ನೇ ಕೆಲವು ತಿಂಗಳು ನಿಲ್ಲಿಸಿ, ಲೆಕ್ಕ ಹಾಕುವ ವಿಧಾನ ಬದಲಿಸಿಕೊಂಡು ವಾಪಸ್ ಬಂದರು.

ಇನ್ನು ಶಿ ಜಿನ್‌ಪಿಂಗ್. ಡೆಂಗ್ ಕಾಲದಲ್ಲಿ ಹಾಕಿಕೊಂಡ ಒಂದು ಬೇಲಿ ಇತ್ತು, ಅಧ್ಯಕ್ಷಗಿರಿ ಎರಡೇ ಅವಧಿ ಅಂತ. 2018ರ ಮಾರ್ಚ್‌ನಲ್ಲಿ ಅದನ್ನು ಕಿತ್ತರು. ಪರ 2,958 ಮತ, ವಿರುದ್ಧ 2. ಆ ಇಬ್ಬರು ಯಾರು ಅಂತ ನನಗೆ ಇವತ್ತಿಗೂ ಕುತೂಹಲ.

ಚಿಕ್ಕಪೇಟೆ ಗಲ್ಲಿ

ಮೇಡಂ, ಎಲ್ಲ ಸರಿ, ಆದರೆ ಬರೀ ಪಕ್ಷ ಪಕ್ಷ ಅಂದರೆ ಅಲ್ಲಿನ ಜನರಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ.

ನಾನು ದೀಪದ ಸರ, ಪ್ಲಾಸ್ಟಿಕ್ ಹೂವು, ಬ್ಯಾಗಿನ ಜಿಪ್ಪು ಇಂಥದ್ದು ತರಿಸುವವನು. ಝೆಜಿಯಾಂಗ್ ಪ್ರಾಂತ್ಯದ ಯಿವು ಅನ್ನುವ ಊರಿಗೆ ಹದಿನೈದು ಸಲವಾದರೂ ಹೋಗಿದ್ದೇನೆ. ಅಲ್ಲಿನ ಮಾರ್ಕೆಟ್‌ನಲ್ಲಿ 75 ಸಾವಿರ ಮಳಿಗೆ. ಒಂದೊಂದಕ್ಕೆ ಒಂದೊಂದು ನಿಮಿಷ ಕೊಟ್ಟರೂ ತಿಂಗಳಲ್ಲಿ ಮುಗಿಯಲ್ಲ. ನಾನು ದೀಪದ ಸರ ತೆಗೆದುಕೊಳ್ಳುವುದು ಗಂಡ ಹೆಂಡತಿ ಇಬ್ಬರ ಮಳಿಗೆಯಲ್ಲಿ. ಆಕೆ ಊಟ ಮಾಡುವುದು ಕೌಂಟರ್ ಕೆಳಗೆ ಕೂತು, ಕಣ್ಣು ಮಾತ್ರ ಮೇಲೆ. ಕ್ಯಾಲ್ಕುಲೇಟರ್ ಮೇಲೆ ರೇಟು ಒತ್ತಿ ತೋರಿಸುತ್ತಾಳೆ. ನಾನು ಕಮ್ಮಿ ಒತ್ತುತ್ತೇನೆ. ಆಕೆ ತಲೆ ಅಲ್ಲಾಡಿಸಿ ಇನ್ನೊಂದು ಒತ್ತುತ್ತಾಳೆ. ಹತ್ತು ವರ್ಷದ ವ್ಯವಹಾರ, ಇಬ್ಬರ ನಡುವೆ ಭಾಷೆ ಅಂತ ಇರುವುದು ಆ ಕ್ಯಾಲ್ಕುಲೇಟರ್ ಒಂದೇ. ಒಂದು ಸಲ ನಾನು ದೀಪದ ನಡುವೆ ಗಣಪತಿ ಬೇಕು ಅಂತ ಫೋಟೊ ತೋರಿಸಿದೆ. ಮೂರನೇ ದಿನ ಬೆಳಗ್ಗೆ ಸ್ಯಾಂಪಲ್ ಹೋಟೆಲ್‌ಗೆ ಬಂತು. ಸೊಂಡಿಲು ತಪ್ಪು ಕಡೆಗೆ ತಿರುಗಿತ್ತು, ಸಂಜೆಗೆ ಸರಿ ಮಾಡಿಸಿದಳು.

ಇದಕ್ಕೆ ಯಾವ ಕಾರ್ಯದರ್ಶಿ ಆಜ್ಞೆ ಕೊಟ್ಟ?

ಒಂದು ಮಾತ್ರ ನಿಜ. ಈಚೆಗೆ ಹೋದಾಗ ಆಕೆ ಮೊದಲ ಸಲ ಮುಖ ಬಾಡಿಸಿಕೊಂಡಿದ್ದಳು. ಅದೇ ಸಾಲಿನಲ್ಲಿ ದೀಪದ ಸರದ ಮಳಿಗೆಗಳು ಜಾಸ್ತಿ ಆಗಿವೆ, ಎಲ್ಲರೂ ಒಬ್ಬರಿಗಿಂತ ಒಬ್ಬರು ಕಮ್ಮಿ ಒತ್ತುತ್ತಿದ್ದಾರೆ.

ಶೆನ್‌ಜೆನ್ ಪಾರ್ಸೆಲ್

ಅದಕ್ಕೆ ಅಲ್ಲಿ ಒಂದು ಪದ ಇದೆ, ನೈಜುವಾನ್. ಒಳಗೊಳಗೇ ಸುರುಳಿ ಸುತ್ತಿಕೊಳ್ಳುವುದು ಅಂತ. ಎಲ್ಲರೂ ಹೆಚ್ಚು ದುಡಿಯುತ್ತಾರೆ, ಯಾರಿಗೂ ಹೆಚ್ಚು ಸಿಗಲ್ಲ. ಇದಕ್ಕೆ ಬೇಸತ್ತ ಹುಡುಗರ ಇನ್ನೊಂದು ಪದ ಟಾಂಗ್‌ಪಿಂಗ್, ಅಂದರೆ ಅಂಗಾತ ಮಲಗಿಬಿಡುವುದು.

ಮೂರನೇ ಪದವೂ ಒಂದಿದೆ, ಲಾನ್‌ವೈಲೌ. ಬಾಲ ಕೊಳೆತ ಕಟ್ಟಡ. ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟ್‌ಗೆ ಹಾಗೆ ಅನ್ನುತ್ತಾರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು, ಲಾವ್ ಅಂತ ಇಟ್ಟುಕೊಳ್ಳೋಣ, ತನ್ನ ಸ್ವಂತ ಪ್ರಾಂತ್ಯದಲ್ಲಿ 2019ರಲ್ಲಿ ಫ್ಲಾಟ್ ಬುಕ್ ಮಾಡಿದಳು. ಆಗ ಅಲ್ಲಿ ಹೆಚ್ಚಿನ ಫ್ಲಾಟ್‌ಗಳಿಗೆ ಕಟ್ಟಿ ಮುಗಿಸುವ ಮೊದಲೇ ಪೂರ್ತಿ ಬೆಲೆ ಕೊಡಬೇಕಿತ್ತು. ಅಪ್ಪ ಅಮ್ಮನ ಉಳಿತಾಯ ಮುಂಗಡಕ್ಕೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ, ಅದರ ಕಂತು ಮೊದಲ ತಿಂಗಳಿಂದಲೇ. ಬಿಲ್ಡರ್ ಆ ದುಡ್ಡಲ್ಲಿ ಇವಳ ಮನೆ ಕಟ್ಟುವ ಬದಲು ಇನ್ನೊಂದು ಊರಲ್ಲಿ ಜಮೀನು ಹಿಡಿದ. ಬಹಳಷ್ಟು ಬಿಲ್ಡರ್‌ಗಳು ಮಾಡುತ್ತಿದ್ದದ್ದು ಅದೇ. 2020ರಲ್ಲಿ ಸರ್ಕಾರ ಮೂರು ಕೆಂಪು ಗೆರೆ ಅಂತ ನಿಯಮ ತಂದು ದೊಡ್ಡ ಬಿಲ್ಡರ್‌ಗಳ ಸಾಲಕ್ಕೆ ಕಡಿವಾಣ ಹಾಕಿತು. 2021ರಲ್ಲಿ ಎವರ್‌ಗ್ರ್ಯಾಂಡ್ ಕುಸಿಯಿತು, ಅದರ ಹೊಣೆ 30 ಸಾವಿರ ಕೋಟಿ ಡಾಲರ್ ದಾಟಿತ್ತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ಕೋರ್ಟ್ ಅದನ್ನು ಮುಚ್ಚಲು ಆದೇಶಿಸಿತು. ಲಾವ್‌ಳ ಬಿಲ್ಡರ್ ಚಿಕ್ಕವನು, ಸುದ್ದಿಯಲ್ಲೂ ಬರದೆ ಮುಳುಗಿದ.

ಅವಳು ಒಂದು ದಿನ ಊಟದ ಹೊತ್ತಿಗೆ ಫೋಟೊ ತೋರಿಸಿದಳು. 19ನೇ ಮಹಡಿ. ಗೋಡೆ ಇದೆ, ಕಿಟಕಿಯ ಜಾಗದಲ್ಲಿ ಚೌಕ ತೂತು, ಅದರಲ್ಲಿ ಪಾರಿವಾಳ. ಇದು ನನ್ನ ಬಾಡಿಗೆದಾರ, ಕಂತು ನನ್ನದು ಅಂತ ನಕ್ಕಳು. 2022ರ ಬೇಸಿಗೆಯಲ್ಲಿ ಹೀಗೆ ಮೋಸ ಹೋದ ಸಾವಿರಾರು ಜನ ಊರೂರಲ್ಲಿ ಸೇರಿ ಮನೆ ಕೊಡುವವರೆಗೂ ಕಂತು ಕಟ್ಟಲ್ಲ ಅಂತ ಪತ್ರ ಬರೆದರು. ಅವಳು ಸಹಿ ಹಾಕಲಿಲ್ಲ. ಕಂತು ತಪ್ಪಿಸಿದರೆ ಹೆಸರು ಕಪ್ಪು ಪಟ್ಟಿಗೆ ಹೋಗುತ್ತೆ, ರೈಲು ಟಿಕೆಟ್‌ಗೂ ತೊಂದರೆ ಆದೀತು ಅಂತ ಹೆದರಿಕೆ.

ಹಳೇ ಲೆಡ್ಜರ್

ಈಗ ದೀಪದ ಸರಕ್ಕೂ ಪಾರಿವಾಳಕ್ಕೂ ಗಂಟು ಹಾಕುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಳ್ಳಿ.

ಚೀನಾದ ಊರುಗಳು ಜಮೀನು ಮಾರಿ ತಂದ ದುಡ್ಡು 2021ರಲ್ಲಿ 8.7 ಲಕ್ಷ ಕೋಟಿ ಯುವಾನ್. 2024ಕ್ಕೆ 4.9 ಲಕ್ಷ ಕೋಟಿಗೆ ಇಳಿಯಿತು. ಮೂರು ವರ್ಷದಲ್ಲಿ ಮನೆಯ ಯಜಮಾನನ ಸಂಬಳ ಹೆಚ್ಚುಕಡಿಮೆ ಅರ್ಧ ಆದ ಹಾಗೆ. ಭಾವಮೈದುನರ ಸಾಲ ಹಾಗೇ ಇದೆ. 2024ರ ನವೆಂಬರ್‌ನಲ್ಲಿ ಬೀಜಿಂಗ್ ಇಂಥ ಬಚ್ಚಿಟ್ಟ ಸಾಲ 14.3 ಲಕ್ಷ ಕೋಟಿ ಯುವಾನ್ ಇದೆ ಅಂತ ಒಪ್ಪಿಕೊಂಡು, ಅದನ್ನು ಸರ್ಕಾರಿ ಲೆಕ್ಕಕ್ಕೆ ತಂದುಕೊಳ್ಳಲು 10 ಲಕ್ಷ ಕೋಟಿಯ ಯೋಜನೆ ಮಾಡಿತು. ಹೊರಗಿನವರ ಅಂದಾಜು ಇದಕ್ಕಿಂತ ಬಹಳ ಜಾಸ್ತಿ.

ಮನೆ ಕಟ್ಟುವುದು ನಿಂತಿತು. ಆದರೆ ಊರುಗಳ ಕುಸ್ತಿ ನಿಲ್ಲಲಿಲ್ಲ, ಬ್ಯಾಂಕುಗಳು ಸಾಲ ಕೊಡುವುದೂ ನಿಲ್ಲಲಿಲ್ಲ. ಸಾಲ ಕಟ್ಟಡದಿಂದ ಕಾರ್ಖಾನೆಗೆ ತಿರುಗಿತು. ಮೇಲಿನಿಂದ ಪಟ್ಟಿ ಬಂತು: ವಿದ್ಯುತ್ ಕಾರು, ಬ್ಯಾಟರಿ, ಸೋಲಾರ್, ಚಿಪ್. 2015ರ ಮೇಡ್ ಇನ್ ಚೀನಾ 2025 ಯೋಜನೆಯಿಂದಲೇ ಈ ಹಾದಿ ಇತ್ತು. ಪ್ರತಿ ಊರಿಗೂ ತನ್ನದೇ ಕಾರು ಕಂಪನಿ ಬೇಕಾಯಿತು. ಹೆಫೇ ಅನ್ನುವ ಊರು 2020ರಲ್ಲಿ ಮುಳುಗುತ್ತಿದ್ದ ನಿಯೊ ಕಾರು ಕಂಪನಿಗೆ 700 ಕೋಟಿ ಯುವಾನ್ ಹಾಕಿ, ಆಮೇಲೆ ಷೇರು ಮಾರಿ ಒಳ್ಳೆ ಲಾಭ ಮಾಡಿತು. ಉಳಿದ ಊರುಗಳಿಗೆ ಅಷ್ಟು ಸಾಕಾಯಿತು, ನಾವೂ ಹೆಫೇ ಆಗಬೇಕು ಅಂತ. ಅಂದ ಹಾಗೆ ಹೆಫೇ ಇರುವುದೂ ಆ ಹೆಬ್ಬೆಟ್ಟಿನ ರೈತರ ಅನ್ಹುಯಿಯಲ್ಲೇ.

ಸರಿ, ಮಾಡಿದ ಮಾಲನ್ನು ಯಾರು ಕೊಳ್ಳಬೇಕು? ಅವರದ್ದೇ ಜನ ಕೊಳ್ಳಬೇಕಿತ್ತು. ಆದರೆ ಅಲ್ಲಿ ಮನೆಮನೆಯ ಖರ್ಚು ಜಿಡಿಪಿಯ ಶೇ 40ರ ಆಸುಪಾಸು ಅಷ್ಟೇ. ನಮ್ಮಲ್ಲಿ ಶೇ 60ರ ಹತ್ತಿರ. ಅವರಿಗೆ ಆಸೆ ಇಲ್ಲ ಅಂತಲ್ಲ, ಭಯ. ಹಳ್ಳಿಯಿಂದ ಬಂದ ಕಾರ್ಮಿಕನ ಹುಕೌ, ಅಂದರೆ ಊರಿನ ನೋಂದಣಿ, ಹಳ್ಳಿಯಲ್ಲೇ ಇರುತ್ತೆ. ಶಹರದ ಶಾಲೆ, ಆಸ್ಪತ್ರೆ, ಪಿಂಚಣಿಯಲ್ಲಿ ಅವನಿಗೆ ಪೂರ್ತಿ ಪಾಲಿಲ್ಲ. ಹಾಗಾಗಿ ಉಳಿಸುತ್ತಾನೆ. ಉಳಿಸಿದ್ದನ್ನು ಫ್ಲಾಟ್‌ಗೆ ಹಾಕಿದ್ದ. ಫ್ಲಾಟ್‌ನಲ್ಲಿ ಪಾರಿವಾಳ ಕೂತಿದೆ. ಈಗ ಇನ್ನೂ ಜಾಸ್ತಿ ಉಳಿಸುತ್ತಾನೆ.

ಒಳಗೆ ಕೊಳ್ಳುವವರಿಲ್ಲದ ಮಾಲು ಹೊರಗೆ ಹೋಗಲೇಬೇಕು. 2024ರಲ್ಲಿ ಚೀನಾದ ರಫ್ತು ಅದರ ಆಮದಿಗಿಂತ ಹೆಚ್ಚುಕಡಿಮೆ 1 ಲಕ್ಷ ಕೋಟಿ ಡಾಲರ್‌ನಷ್ಟು ಜಾಸ್ತಿ. ನಾವೊಬ್ಬರೇ 2024-25ರಲ್ಲಿ ಅವರಿಗೆ ಮಾರಿದ್ದಕ್ಕಿಂತ 9,920 ಕೋಟಿ ಡಾಲರ್‌ನಷ್ಟು ಹೆಚ್ಚು ಕೊಂಡಿದ್ದೇವೆ. ಜಾಗತಿಕ ಪ್ರಭಾವ ಅಂತ ದೊಡ್ಡ ಮಾತು ಹೇಳುತ್ತಾರಲ್ಲ, ನನ್ನ ಪ್ರಕಾರ ಅದರಲ್ಲಿ ಅರ್ಧ ಯೋಜನೆ ಹಾಕಿ ಮಾಡಿದ್ದು. ಇನ್ನರ್ಧ ಹೀಗೆ ಮನೆಯೊಳಗೆ ಜಾಗ ಸಾಲದೆ ಬೀದಿಗೆ ಚೆಲ್ಲಿದ್ದು.

ಸಂಡೂರಿನವನು

ಸರ್, ಕೊನೆ ಸಾಲಿಗೆ ಒಂದು ಸಾಕ್ಷಿ. ನನ್ನ ತಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸಂಬಂಧಪಟ್ಟ ಟ್ರಾನ್ಸ್‌ಪೋರ್ಟ್‌ನಲ್ಲಿದ್ದಾನೆ. ಈಗ ಅಲ್ಲಿ ಎಲ್ಲರ ಬಾಯಲ್ಲಿ ಚೀನಾ ಉಕ್ಕು, ಚೀನಾ ಉಕ್ಕು. ಮನೆ ಕಟ್ಟುವುದು ನಿಂತ ಮೇಲೆ ಅವರ ಉಕ್ಕು ಉಳಿದುಹೋಗಿ 2024ರಲ್ಲಿ 11 ಕೋಟಿ ಟನ್ ಹೊರಗೆ ಕಳಿಸಿದ್ದಾರೆ. ನಮ್ಮ ಸರ್ಕಾರ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಆಮದು ಉಕ್ಕಿನ ಮೇಲೆ ಶೇ 12 ಸುಂಕ ಹಾಕಿತು. ಇಪ್ಪತ್ತು ವರ್ಷದ ಹಿಂದೆ ನಮ್ಮ ಗುಡ್ಡ ಹಡಗು ಹತ್ತಿ ಹೋಗುವಾಗ ಇದೇ ಕಡೆಯವರು ಪಟಾಕಿ ಹೊಡೆದಿದ್ದರು. ಈಗ ಅದು ಉಕ್ಕಿನ ಸುರುಳಿಯಾಗಿ ವಾಪಸ್ ಬರುತ್ತಿದೆ.

ಬಂಗುಡೆ ಫ್ರೈ

ಚೆಲ್ಲಿದ್ದು ಅಂತ ಮುದ್ದಾಗಿ ಹೇಳಬೇಡಿ ಲೆಡ್ಜರ್ ಸರ್. ಶ್ರೀಲಂಕಾದ ಹಂಬನ್‌ತೋಟ ನೋಡಿ. ಸಾಲ ಕೊಟ್ಟು ಬಂದರು ಕಿತ್ತುಕೊಂಡರು. ಪಕ್ಕಾ ಮೀಟರ್ ಬಡ್ಡಿ ದಂಧೆ.

ಹಳೇ ಲೆಡ್ಜರ್

ಶ್ರೀಲಂಕಾ 2022ರಲ್ಲಿ ಸಾಲ ತೀರಿಸಲಾಗಲ್ಲ ಅಂತ ಕೈ ಎತ್ತಿತಲ್ಲ, ಆಗ ಅದರ ವಿದೇಶಿ ಸಾಲದಲ್ಲಿ ಅತಿ ದೊಡ್ಡ ಪಾಲು ಚೀನಾದ್ದಲ್ಲ, ಬಾಂಡ್ ಮಾರುಕಟ್ಟೆಯದ್ದು. 2017ರಲ್ಲಿ ಬಂದರನ್ನು 99 ವರ್ಷದ ಲೀಸ್‌ಗೆ ಕೊಟ್ಟು ಪಡೆದ 112 ಕೋಟಿ ಡಾಲರ್‌ನಿಂದ ಆ ಬಂದರಿನ ಸಾಲ ತೀರಲಿಲ್ಲ. ಡಾಲರ್ ದಾಸ್ತಾನು ತುಂಬಿಸಿಕೊಳ್ಳಲು ಬಳಸಿದರು. ಬಂದರಿನ ಸಾಲ ಬೇರೆಯಾಗಿ ಹಾಗೇ ಉಳಿಯಿತು. ಹಡಗು ಬರದ ಕಡೆ ಬಂದರು ಕಟ್ಟಿಸಿದ್ದು ಅಲ್ಲಿನ ರಾಜಕಾರಣಿಗಳ ಹಟ. ಅಂಥ ಫೈಲಿಗೂ ಸೈ ಅಂದದ್ದು ಚೀನಾ ಬ್ಯಾಂಕಿನ ತಪ್ಪು. ಬಲೆ ಬೀಸಿದರು ಅನ್ನುವುದಕ್ಕಿಂತ, ತನ್ನ ಊರಲ್ಲಿ ಕೊಟ್ಟ ಹಾಗೇ ಪರ ಊರಲ್ಲೂ ಸಾಲ ಕೊಟ್ಟರು ಅನ್ನಿ. ಆದರೆ ಬಂದರು ಇವತ್ತು ಅವರ ಕೈಲಿರುವುದು ನಿಜ, ಅದು ನಮಗೆ ಚಿಂತೆಯ ವಿಷಯ ಅನ್ನುವುದೂ ನಿಜ.

ತಟ್ಟೆಇಡ್ಲಿ

ಹಾಗಾದರೆ ನಾವು ಅವರ ಹತ್ತಿರ ಸಾಲ ಮಾಡಿಲ್ವಾ?

ಮಲೆನಾಡ ಮಳೆ

ಬೀಜಿಂಗ್‌ನಲ್ಲಿ ಕಚೇರಿ ಇರುವ ಎಐಐಬಿ, ಅಂದರೆ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್, 2017ರ ಡಿಸೆಂಬರ್‌ನಲ್ಲಿ ಬೆಂಗಳೂರು ಮೆಟ್ರೊದ ಗೊಟ್ಟಿಗೆರೆ–ನಾಗವಾರ ಮಾರ್ಗಕ್ಕೆ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದೆ. ಆದರೆ ಅದು ಚೀನಾದ ಸ್ವಂತ ಬ್ಯಾಂಕ್ ಅಲ್ಲ. ಹತ್ತಾರು ದೇಶ ಸೇರಿ ಮಾಡಿದ್ದು, ಚೀನಾ ಬಿಟ್ಟರೆ ಅತಿ ದೊಡ್ಡ ಪಾಲುದಾರರು ನಾವೇ. ಗಲ್ವಾನ್ ಆದ ವರ್ಷ ಆ್ಯಪ್ ನಿಷೇಧ ಮಾಡಿದೆವು. ಸುರಂಗದ ಕೆಲಸ ನಡೆಯುತ್ತಲೇ ಇತ್ತು.

ಬಂಗುಡೆ ಫ್ರೈ

ಹಳದಿ ಮಾರ್ಗದ ಬೋಗಿ ಗುತ್ತಿಗೆಯೂ ಚೀನಾ ಕಂಪನಿಗೇ ಅಲ್ವಾ? ಹಳಿ ರೆಡಿ, ಸ್ಟೇಷನ್ ರೆಡಿ, ರೈಲು ಮಾತ್ರ ಇಲ್ಲ. ಬೊಮ್ಮಸಂದ್ರದವರು 2025ರ ಆಗಸ್ಟ್‌ವರೆಗೆ ಕಾದರು. ನನ್ನ ತಂಗಿ ಅಷ್ಟರಲ್ಲಿ ಕೆಲಸವನ್ನೇ ಬದಲಿಸಿದಳು.

ಪೀಣ್ಯ 2ನೇ ಹಂತ

ಇಲ್ಲಿ ಯಾರೂ ಮ್ಯಾಗ್ನೆಟ್ ವಿಷಯ ಎತ್ತಲಿಲ್ಲ. ಚೆಲ್ಲಿದ್ದು ಅಂತೀರಿ, ಬೇಕಂತಲೇ ಬಿಗಿ ಹಿಡಿದದ್ದೂ ಇದೆ.

ನಮ್ಮದು ಸಣ್ಣ ಘಟಕ. ವಿದ್ಯುತ್ ಸ್ಕೂಟರ್ ಮೋಟರ್‌ನ ರೋಟರ್, ಅಂದರೆ ತಿರುಗುವ ಭಾಗ, ಜೋಡಿಸಿ ಕೊಡುತ್ತೇವೆ. ಒಳಗೆ ಅಂಟಿಸುವುದು ನಿಯೋಡೈಮಿಯಮ್ ಮ್ಯಾಗ್ನೆಟ್, ಅರ್ಧ ಬಿಸ್ಕತ್ತಿನಷ್ಟು ಚೂರು. ಬಿಸಿಗೆ ಶಕ್ತಿ ಕಳೆದುಕೊಳ್ಳದಿರಲಿ ಅಂತ ಅದಕ್ಕೆ ಡಿಸ್ಪ್ರೋಸಿಯಮ್, ಟರ್ಬಿಯಮ್ ಚಿಟಿಕೆ ಬೆರೆಸಿರುತ್ತಾರೆ, ಸಾರಿಗೆ ಇಂಗು ಹಾಕಿದ ಹಾಗೆ. 2025ರ ಏಪ್ರಿಲ್ 4ಕ್ಕೆ ಚೀನಾ ರೇರ್ ಅರ್ತ್ ಅನ್ನುವ ಇಂಥ ಏಳು ಲೋಹಗಳಿಗೂ ಅವುಗಳ ಮ್ಯಾಗ್ನೆಟ್‌ಗಳಿಗೂ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಟ್ರಂಪ್ ಸುಂಕಕ್ಕೆ ಉತ್ತರ ಅದು. ಏಟು ಬಿದ್ದದ್ದು ನಮಗೂ. ಈ ಮ್ಯಾಗ್ನೆಟ್ ಜಗತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಅವರದ್ದೇ.

ಮಾಲು ಕೊಳ್ಳುವವನು ಇದನ್ನು ಯಾವುದಕ್ಕೆ ಬಳಸುತ್ತೇನೆ, ಸೇನೆಗೆ ಕೊಡಲ್ಲ ಅಂತ ಬರೆದುಕೊಡಬೇಕು. ಆ ಕಾಗದ ಇಲ್ಲಿನ ಸರ್ಕಾರದಿಂದ ರಾಯಭಾರ ಕಚೇರಿಗೆ, ಅಲ್ಲಿಂದ ಚೀನಾಕ್ಕೆ. ಜೂನ್ ಎರಡನೇ ವಾರ ನನ್ನ ರ‍್ಯಾಕ್‌ನಲ್ಲಿ ಉಳಿದದ್ದು ನಾಲ್ಕು ಡಬ್ಬಿ. ಹುಡುಗರು ಒಡೆದ ಚೂರು ಬಿಸಾಕುವುದನ್ನು ನಿಲ್ಲಿಸಿ ಜೋಪಾನ ಮಾಡತೊಡಗಿದರು. ಸ್ಕೂಟರ್ ಬೆಲೆಯಲ್ಲಿ ಅದರ ಪಾಲು ಎಷ್ಟು ಅಂತ ಕೇಳಿ. ಪುಡಿಗಾಸು. ಆದರೆ ಅದಿಲ್ಲದೆ ಲೈನ್ ನಿಲ್ಲುತ್ತದೆ. ಎಂಟು ಜನರಿಗೆ ಎರಡು ವಾರ ಅರ್ಧ ಶಿಫ್ಟ್ ಕೊಟ್ಟೆ.

ನಿಯೋಡೈಮಿಯಮ್ ಖನಿಜ ನಮ್ಮಲ್ಲಿ ಇಲ್ವಾ? ಇದೆ. ಕೇರಳ, ಒಡಿಶಾದ ಕರಾವಳಿ ಮರಳಿನಲ್ಲಿದೆ. ಬೇರ್ಪಡಿಸುವ ಕೆಲಸ ಹೊಲಸು, ಆ್ಯಸಿಡ್ಡು, ವಿಕಿರಣದ ತ್ಯಾಜ್ಯ. ಚೀನಾ ಮೂವತ್ತು ನಲವತ್ತು ವರ್ಷ ಆ ಹೊಲಸನ್ನು ಉತ್ತರದ ಬಾಓಟೌ ಅನ್ನುವ ಊರಿನ ಕಡೆ ಸಹಿಸಿಕೊಂಡಿತು, ಕಮ್ಮಿ ರೇಟಿಗೆ ಮಾರಿ ಉಳಿದವರ ಅಂಗಡಿ ಮುಚ್ಚಿಸಿತು. 2010ರಲ್ಲಿ ಜಪಾನ್ ಜೊತೆ ಜಗಳ ಆದಾಗಲೇ ಒಂದು ಸಲ ಇದನ್ನು ತಡೆದು ತೋರಿಸಿತ್ತು. ಜಪಾನ್ ಅವತ್ತೇ ಆಸ್ಟ್ರೇಲಿಯಾದ ಗಣಿಗೆ ದುಡ್ಡು ಹಾಕಿತು. ನಾವು ಸುದ್ದಿ ಓದಿ ಪೇಪರ್ ಮಡಚಿಟ್ಟೆವು.

ಚಿಕ್ಕಪೇಟೆ ಗಲ್ಲಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದೀಪದ ಸರ ನಿಂತರೆ ಹಬ್ಬಕ್ಕೆ ಎಣ್ಣೆ ದೀಪ ಹಚ್ಚಬಹುದು. ಮೋಟರ್‌ಗೆ ಏನು ಹಚ್ಚುವುದು?

ನಿರ್ವಾಹಕ

ಗಡಿ ವಿಷಯಕ್ಕೆ ಹೋಗಿ ಒಬ್ಬರನ್ನೊಬ್ಬರು ದೇಶದ್ರೋಹಿ ಅಂದ ಆರು ಪೋಸ್ಟ್ ತೆಗೆದಿದ್ದೇನೆ. ಮುಂದುವರಿಸಿ.

ಮಲೆನಾಡ ಮಳೆ

ತಟ್ಟೆಇಡ್ಲಿ ಅವರು ಕೇಳಿದ ಗುಟ್ಟಿಗೆ ನನ್ನದೊಂದು ಸಾಲು ಸೇರಿಸಿ ಮಲಗುತ್ತೇನೆ. ಹಳ್ಳಿಯ 18 ಜನ ನಿಯಮ ಮುರಿದಾಗ ಮೇಲಿನವರು ಸುಮ್ಮನಿದ್ದರು, ಅದರಿಂದ ದೇಶ ಎದ್ದಿತು. 2020ರಲ್ಲಿ ಅಲಿಬಾಬಾ ಕಂಪನಿ ಕಟ್ಟಿದ ಜ್ಯಾಕ್ ಮಾ ಶಾಂಘೈನ ಒಂದು ವೇದಿಕೆಯಲ್ಲಿ ನಮ್ಮ ಬ್ಯಾಂಕುಗಳದ್ದು ಗಿರವಿ ಅಂಗಡಿ ಬುದ್ಧಿ ಅಂದರು. ಹತ್ತೇ ದಿನದಲ್ಲಿ ಅವರ ಆ್ಯಂಟ್ ಅನ್ನುವ ಹಣಕಾಸು ಕಂಪನಿಯ ಷೇರು ಮಾರಾಟ ನಿಂತಿತು, ಅವರು ತಿಂಗಳುಗಟ್ಟಲೆ ಕಾಣಿಸಲಿಲ್ಲ. ಈಗಿನ ಕಾಲದಲ್ಲಿ ಶಿಯಾವೊಗಾಂಗ್‌ನವರು ಹೆಬ್ಬೆಟ್ಟು ಒತ್ತಲು ಧೈರ್ಯ ಮಾಡುತ್ತಿದ್ದರಾ?

ಹಳೇ ಲೆಡ್ಜರ್

ಗಿರವಿ ಅಂಗಡಿ ಅಂದದ್ದು ಮಾತ್ರ ಸರಿಯಾಗೇ ಇತ್ತು ಮೇಡಂ.

ತಟ್ಟೆಇಡ್ಲಿ

ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಇದೆಲ್ಲ ಓದಿಸಿದೆ. ಹಾಗಾದರೆ ಸೇತುವೆ ಒಳ್ಳೆಯದೋ ಕೆಟ್ಟದ್ದೋ ಹೇಳಪ್ಪಾ ಅಂದ. ಕಣಿವೆ ದಾಟಲು ಮೊದಲು ಎರಡು ಗಂಟೆ ಬೇಕಿತ್ತು, ಈಗ ಎರಡು ನಿಮಿಷ ಅಂತೆ. ಆ ಕಡೆಯ ಹಳ್ಳಿಯವನಾಗಿದ್ದರೆ ನಾನು ಸಾಲದ ಬಗ್ಗೆ ಕೇಳುತ್ತಿದ್ದೆನಾ, ಗೊತ್ತಿಲ್ಲ.

ಪಾರ್ಸೆಲ್ ಸರ್, ಆ ಹುಡುಗಿಯ ಫ್ಲಾಟ್ ಕಥೆ ಏನಾಯಿತು ಹೇಳಲೇ ಇಲ್ಲ.

ಶೆನ್‌ಜೆನ್ ಪಾರ್ಸೆಲ್

ನಿನ್ನೆ ರಾತ್ರಿ ನಿಮ್ಮ ಪ್ರಶ್ನೆ ನೋಡಿ ಮೆಸೇಜ್ ಮಾಡಿದೆ. ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸಿಕೊಡಿ ಅಂತ 2022ರಿಂದ ಸರ್ಕಾರ ಊರುಗಳ ಹಿಂದೆ ಬಿದ್ದಿದೆಯಲ್ಲ, ಅದರಲ್ಲಿ ಇವಳ ಕಟ್ಟಡಕ್ಕೂ ಒಂದಿಷ್ಟು ದುಡ್ಡು ಬಂದಿದೆ. ಕೀ ಕೊಟ್ಟಿದ್ದಾರೆ. ಕಿಟಕಿಗೆ ಗಾಜು ಹಾಕಿದ್ದಾರೆ, ನೀರು ಬರುತ್ತದೆ. ನಾಲ್ಕು ಲಿಫ್ಟ್‌ನಲ್ಲಿ ಒಂದು ಓಡುತ್ತಿದೆ, ಅದೂ ಬೆಳಗ್ಗೆ ಸಂಜೆ ಮಾತ್ರ. ಅವಳು ಕೊಟ್ಟ ಬೆಲೆಗೆ ಹೋಲಿಸಿದರೆ ಈಗ ಪಕ್ಕದ ಫ್ಲಾಟ್ ಮೂರನೇ ಒಂದು ಭಾಗ ಕಮ್ಮಿಗೆ ಮಾರಾಟಕ್ಕಿದೆ, ಕೊಳ್ಳುವವರಿಲ್ಲ. ಇನ್ನು 24 ವರ್ಷದ ಕಂತು ಬಾಕಿ.

ಪಾರಿವಾಳದ ಬಗ್ಗೆ ಕೇಳಿದೆ. ಬಾಲ್ಕನಿಗೆ ಶಿಫ್ಟ್ ಆಗಿದೆಯಂತೆ.